ಗಂಜಿ ಉಂಡ ಅಂಗಿ

ಬೆಳಗಾವಿಯ ಮಹಾಂತೇಶ ನಗರದಲ್ಲಿ, ಕಂಡಕ್ಟರ್ ಈರಣ್ಣನ ಮನೆಯ ಹಿತ್ತಲಲ್ಲಿ ಒಂದು ಖಾಕಿ ಅಂಗಿ ಒಣಗುತ್ತಿತ್ತು. ಹಗ್ಗದಿಂದ ಇಳಿಸಿ ನೆಲಕ್ಕಿಟ್ಟರೆ ಅದು ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. ಅದರ ಹಿಂದೆ ಮಾಟವೂ ಇರಲಿಲ್ಲ, ಮಂತ್ರವೂ ಇರಲಿಲ್ಲ. ಈರಣ್ಣನ ತಾಯಿ ಸಂಗವ್ವ ದಿನಾ ಅನ್ನ ಬಸಿದ ಗಂಜಿಯಲ್ಲಿ ಅದನ್ನು ಅದ್ದಿ, ಝಾಡಿಸಿ ಒಣಹಾಕುತ್ತಿದ್ದಳು. ತೋಳು ಹಲಗೆಯಾಗುತ್ತಿತ್ತು, ಕಾಲರು ಕತ್ತಿಯಾಗುತ್ತಿತ್ತು. ಡಿಪೋದಲ್ಲಿ ಜೊತೆಗಾರರು ಚೇಷ್ಟೆ ಮಾಡುತ್ತಿದ್ದರು: "ಈರಣ್ಣ, ನಾಳಿ ನೀ ಮನ್ಯಾಗ ಮಲಕೋ. ಅಂಗಿನ ಕಳಸು, ಅದ ಟಿಕೇಟ ಹರಕೊಂಡು ಬರತೈತಿ."

ಅಂಗಿ ನಿಲ್ಲುತ್ತಿತ್ತು, ಖರೇ. ಆದರೆ ಎಂಬತ್ಮೂರನೇ ಇಸವಿಯ ಶ್ರಾವಣದ ಹೊತ್ತಿಗೆ ಅಂಗಿಯೊಳಗಿನ ಮನುಷ್ಯನಿಗೆ ನಿಲ್ಲುವುದಾಗುತ್ತಿರಲಿಲ್ಲ.

ಮೊದಲು ಕಾಲ್ಬೆರಳಿಗೆ ಜೋಮು ಬಂತು, ಇರುವೆ ಹರಿದಂತೆ. ದಿನವಿಡೀ ಬಸ್ಸಿನಲ್ಲಿ ನಿಲ್ಲುವವನಿಗೆ ಜೋಮು ಹೊಸದೇ ಎಂದು ಈರಣ್ಣ ಸುಮ್ಮನಾದ. ಆಮೇಲೆ ಮೀನಖಂಡ ಹಿಡಿಯತೊಡಗಿತು. ಒಂದು ಸಂಜೆ ದಾರಿಯಲ್ಲಿ ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಕೊನೆಗೆ ಒಂದು ಮುಂಜಾನೆ, ಲೋಂಡಾಕ್ಕೆ ಹೊರಟ ಬಸ್ಸು ಖಾನಾಪುರ ಸ್ಟ್ಯಾಂಡಿನಲ್ಲಿ ನಿಂತಾಗ, ಇಳಿಯಲು ಹೋದವನ ಕಾಲಿಗೆ ಮೆಟ್ಟಿಲು ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಟಿಕೇಟಿನ ಪೆಟ್ಟಿಗೆ ಸಮೇತ ನೆಲಕ್ಕೆ ಬಿದ್ದ. ಸುತ್ತ ನೆರೆದವರಲ್ಲಿ ಯಾರೋ "ಮುಂಜಮುಂಜಾನೆನ ಕುಡದಾನ" ಅಂದರು. ವಿಭೂತಿ ಹಚ್ಚದೆ ಹೊಸಿಲು ದಾಟದ ಮನುಷ್ಯನಿಗೆ ಮೊಳಕಾಲಿನ ಗಾಯಕ್ಕಿಂತ ಆ ಮಾತು ಹೆಚ್ಚು ಉರಿಯಿತು.

ಡಿಪೋದ ಸಾಹೇಬರು ಕರೆಸಿ ಕೂಡಿಸಿ ಹೇಳಿದರು: "ಒಂದು ತಿಂಗಳ ರಜಾ ತಗೋ. ಕಾಲು ಛಲೋ ಅದಾವಂತ ಡಾಕ್ಟರ ಚೀಟಿ ತಂದ್ರ ಮತ್ತ ಬಸ್ಸು. ಇಲ್ಲಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ ನೋಡಪಾ."

ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. ಗಾಳಿ ಸೋಂಕು ಅಂದರು, ದೃಷ್ಟಿ ಅಂದರು, ಹರಳೆಣ್ಣೆ ತಿಕ್ಕಿರಿ ಅಂದರು. ಈರಣ್ಣನ ಹೆಂಡತಿ ಶಿವಬಸವ್ವ ಎಲ್ಲರಿಗೂ ಹೂಂಗುಟ್ಟಿ, ಮರುದಿನ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಸರಕಾರಿ ದವಾಖಾನೆಗೆ ನಡೆದಳು.

ಡಾಕ್ಟರು ಮೊಳಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಜಿಗಿಯಬೇಕಿತ್ತು, ಜಿಗಿಯಲಿಲ್ಲ. ಆಮೇಲೆ ಅವರು ಕೇಳಿದ್ದು ಕಾಲಿನ ಮಾತಲ್ಲ.

"ದಿನಾ ಏನು ಉಣತಿ?"

"ಅನ್ನ ರೀ. ಮೂರೂ ಹೊತ್ತು. ಮಲ್ಲಿಗಿ ಹೂವಿನಂಥಾ ಅನ್ನ. ಜೋಡಿ ತಿಳಿಸಾರು, ಉಪ್ಪಿನಕಾಯಿ."

"ರೊಟ್ಟಿ?"

"ನೌಕರಿ ಹತ್ತಿದ ಮ್ಯಾಲೆ ಬಿಟ್ಟೀವ್ರಿ."

"ಕಾಳು, ಪಲ್ಲೆ?"

"ಅಮಾಸಿಗೊಮ್ಮಿ, ಹುಣ್ಣಿವಿಗೊಮ್ಮಿ."

"ನಡುವ?"

"ಚಾ ರೀ. ಚಾದ ಜೋಡಿ ಖಾರಿ ಬಿಸ್ಕೀಟು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೊಟ್ಟಿ ತುಂಬೇತಿ, ಆದ್ರ ನರಕ್ಕ ಊಟ ಮುಟ್ಟಿಲ್ಲ. ಬಿ ಜೀವಸತ್ವ ಅಂತ ಒಂದೈತಿ, ಅದರ ಕೊರತಿ ಇದು. ಈಗ ಸೂಜಿ ಮಾಡತೀನಿ, ಗುಳಿಗಿ ಕೊಡತೀನಿ, ಬಿಡಬ್ಯಾಡ. ಗುಳಿಗಿ ತಿಂಗಳಿಗೆ ತೀರತಾವ. ಮುಂದ ನಡಸಬೇಕಾದ್ದು ಮನಿ ಊಟ. ನಿಮ್ಮ ಓಣಿಗೆ ಬರೋ ನರ್ಸಬಾಯಿನ್ನ ಕೇಳ್ರಿ."

ದಾರಿಯುದ್ದಕ್ಕೂ ಶಿವಬಸವ್ವನ ತಲೆಯಲ್ಲಿ ಒಂದೇ ಮಾತು. ಮೂರು ಹೊತ್ತು ಉಂಡವನಿಗೆ ಊಟ ಮುಟ್ಟಿಲ್ಲ ಅಂದರೆ, ಅದು ಹೋಯಿತೆಲ್ಲಿ? ಸಣ್ಣವಳಿದ್ದಾಗ ಕೇಳಿದ ಕಥೆಯಲ್ಲಿ ರಾಕ್ಷಸನ ಜೀವ ರಾಕ್ಷಸನ ಮೈಯಲ್ಲಿ ಇರುತ್ತಿರಲಿಲ್ಲ. ಏಳು ಸಮುದ್ರದ ಆಚೆ, ಒಂದು ಗಿಳಿಯ ಹೊಟ್ಟೆಯಲ್ಲಿ ಇರುತ್ತಿತ್ತು. ಹಾಗಾದರೆ ಅಕ್ಕಿಯ ಜೀವ ಎಲ್ಲಿರುತ್ತದೆ? ಅದನ್ನು ಯಾರು, ಯಾವಾಗ, ಎಲ್ಲಿಗೆ ಒಯ್ದರು?

ಮನೆಯಲ್ಲಿ ಸಂಗವ್ವ ಡಾಕ್ಟರ ಮಾತು ಕೇಳಿ ಸಿಡಿದಳು. "ನಮ್ಮ ಮನ್ಯಾಗ ಉಣ್ಣಾಕ ಕಡಿಮಿ ಅಂತೇನು? ಕೆಂಪಕ್ಕಿ, ರೊಟ್ಟಿ ತಿಂದು ತಿಂದು ನಾ ಬಡತನ ದಾಟೇನಿ. ಮಗಾ ನೌಕರದಾರ ಆದ ದಿನ ಆಣಿ ಮಾಡೇನಿ, ಇನ್ನ ಈ ಮನ್ಯಾಗ ಬಿಳೇ ಅನ್ನ ಅಂತ. ಪ್ಯಾಟಿಯೊಳಗ ಎಲ್ಲಾರಕಿಂತ ಬೆಳ್ಳನ ಅಕ್ಕಿ ತರತೇನಿ. ಬಂದು ನೋಡಲಿ ನಿಮ್ಮ ಡಾಕ್ಟರ."

ಡಾಕ್ಟರು ಬರಲಿಲ್ಲ. ಎರಡು ದಿನ ಬಿಟ್ಟು ನರ್ಸಬಾಯಿ ಭೀಮಕ್ಕ ಬಂದಳು. ಬಗಲಲ್ಲಿ ಚೀಲ, ಕೈಯಲ್ಲಿ ಛತ್ರಿ. ಪಡಸಾಲೆಯಲ್ಲಿ ಕುಂದರಲಿಲ್ಲ, ನೆಟ್ಟಗೆ ಅಡಿಗೆಮನೆಗೆ ಹೋಗಿ ಮಣೆ ಎಳೆದುಕೊಂಡು ಕೂತಳು.

"ಸಂಗವ್ವಾರ, ನಾ ಏನೂ ಹೇಳಾಕ ಬಂದಿಲ್ಲ. ನೀವು ಅಡಗಿ ಮಾಡ್ರಿ, ನಾ ನೋಡತೀನಿ."

"ನೋಡ್ರಿ. ಕಲತ ಹೋಗ್ರಿ ಬೇಕಾದ್ರ."

ಸಂಗವ್ವ ಅಕ್ಕಿ ತೊಳೆಯಲು ಕೂತಳು. ಅವಳ ಅಕ್ಕಿ ತೊಳೆಯುವುದು ಆ ಓಣಿಗೇ ಹೆಸರಾಗಿತ್ತು. ಎರಡೂ ಅಂಗೈ ನಡುವೆ ಹಿಡಿದು ತಿಕ್ಕುವಳು, ನೀರು ಚೆಲ್ಲುವಳು, ಮತ್ತೆ ತಿಕ್ಕುವಳು. ಒಂದು ನೀರು, ಎರಡು ನೀರು, ಮೂರು. ಏಳನೆಯ ನೀರಿಗೆ ಪಾತ್ರೆಯ ತಳ ಕಂಡಾಗಲೇ ಅವಳಿಗೆ ಸಮಾಧಾನ. ಆ ನೀರೆಲ್ಲ ಹಿತ್ತಲ ಕರಿಬೇವಿಗೆ ಹೋಗುತ್ತಿತ್ತು, ಕರಿಬೇವು ಮಾಳಿಗೆಗೆ ಮುಟ್ಟಿತ್ತು. ಅಕ್ಕಿ ಬೆಂದ ಮೇಲೆ ಪಾತ್ರೆಗೆ ಅರಿವೆ ಕಟ್ಟಿ ಬೋರಲು ಹಾಕಿದಳು. ಬೆಳ್ಳನೆ ಗಂಜಿ ಬಕೀಟಿಗೆ ಇಳಿಯಿತು. ಅದೇ ಬಕೀಟಿಗೆ ಖಾಕಿ ಅಂಗಿ ಇಳಿಯಿತು.

ಶಿವಬಸವ್ವ ಇದನ್ನು ಎಂಟು ವರ್ಷದಿಂದ ನೋಡಿದ್ದಳು. ಇವತ್ತು ಮೊದಲ ಸಲ ನೋಡಿದಂತೆ ನೋಡಿದಳು.

"ನಿಮ್ಮ ಮನ್ಯಾಗ ಛಲೋ ಊಟ ಸಿಗೂದು ಮೂರು ಮಂದಿಗೆ," ಅಂದಳು ಭೀಮಕ್ಕ. "ಗಿರಣಿಯವರ ಎಮ್ಮಿಗಿ, ಹಿತ್ತಲದ ಕರಿಬೇವಿಗಿ, ಮಗನ ಅಂಗಿಗಿ. ಮಗನ ಪಾಳಿ ಬರೂದ್ರಾಗ ತೀರಿ ಹೋಗೇತಿ."

"ಏನು ಮಾತಂತ ಆಡತೀರಿ ಬಾಯಾರ. ನಮ್ಮವ್ವನೂ ತೊಳೀತಿದ್ಲು, ನಮ್ಮವ್ವನೂ ಬಸೀತಿದ್ಲು. ತೊಂಬತ್ತು ವರ್ಷ ಬಾಳಿದ್ಲು."

"ಹೌದಲ್ಲ. ನಿಮ್ಮವ್ವ ಅಕ್ಕಿ ಎಲ್ಲಿಂದ ತರತಿದ್ರು?"

"ತರೂದೆಲ್ಲಿಂದ ಬಂತು? ಖಾನಾಪುರ ಬಾಜೂಕ ಹಳ್ಳಿ ನಮ್ಮದು. ಮನ್ಯಾಗ ಒಳ್ಳಾಗ ಹಾಕಿ ಕುಟ್ಟತಿದ್ವಿ."

"ಬಣ್ಣ ಹೆಂಗಿತ್ತು?"

"ಕೆಂಪಗ. ಮಸಕ ಮಸಕ."

"ಬಸದ ಗಂಜಿ ಏನು ಮಾಡತಿದ್ರಿ?"

"ಉಪ್ಪು ಹಾಕ್ಕೊಂಡು ಕುಡೀತಿದ್ವಿ."

"ಅಂಗಿಗಿ ಹಾಕತಿರಲಿಲ್ಲೇನು?"

"ಅಂಗಿ ಎಲ್ಲಿತ್ತವ್ವ ಆವಾಗ," ಅಂದು ಸಂಗವ್ವ ತಾನೇ ನಕ್ಕುಬಿಟ್ಟಳು. ನಕ್ಕ ಮೇಲೆ, ಸೋತೆನೇನೋ ಅನ್ನಿಸಿ ಮುಖ ಬಿಗಿದುಕೊಂಡಳು.

ಭೀಮಕ್ಕ ಅಕ್ಕಿ ಕೇರುವ ಸೂಪಿನಿಂದ ಒಂದು ಕಾಳು ಎತ್ತಿ ಶಿವಬಸವ್ವನ ಅಂಗೈಗಿಟ್ಟಳು. "ಕಾಳಿನ ಮೈಮ್ಯಾಲೆ ಒಂದು ತೆಳ್ಳನ ಪದರ ಇರತೈತಿ. ಮೂತಿಗೆ ಸಣ್ಣ ಮೊಳಕಿ ಇರತೈತಿ. ಸತ್ವ ಎಲ್ಲಾ ಅದರಾಗ. ಗಿರಣಿ ಅದನ್ನ ಕೆರದು ತೌಡಿಗೆ ಹಾಕತೈತಿ. ಉಳದ ಚೂರನ್ನ ನಿಮ್ಮ ಏಳು ನೀರು ಒಯ್ತಾವ. ಅದರಾಗೂ ಉಳದದ್ದು ಗಂಜಿಗಿ ಹೋತು. ತಾಟಿಗೆ ಬರೂದು ಬರೇ ಬಿಳುಪು. ಜ್ವಾಳದ ಹಿಟ್ಟನ್ನ ವಸ್ತ್ರದಾಗ ಸಾಣಿಸಿ ಹೊಟ್ಟು ಚೆಲ್ಲಿದ್ರೂ ಹಿಂಗ, ಗೋದಿ ಬಿಟ್ಟು ಮೈದಾ ತಿಂದ್ರೂ ಹಿಂಗ."

"ಅಂದ್ರ ಅಕ್ಕಿ ಜೀವ ಸಿಪ್ಪಿಯಾಗ ಇರತೈತಿ," ಅಂದಳು ಶಿವಬಸವ್ವ, ಕಾಳನ್ನು ಬೆಳಕಿಗೆ ಹಿಡಿದು.

"ಹೊರಗಿನ ಗಟ್ಟಿ ಸಿಪ್ಪಿಯಾಗ ಅಲ್ಲ. ಅದರ ಒಳಗಿನ ಪದರದಾಗ. ಹೊರಗಿನ ಸಿಪ್ಪಿ ಸುಲೀಬೇಕು, ಒಳಗಿಂದು ಬಿಡಬೇಕು."

ಶಿವಬಸವ್ವ ಮರುದಿನವೇ ಖಾನಾಪುರದ ಬಸ್ಸು ಹತ್ತಿದಳು. ತವರಿನಲ್ಲಿ ಒಂದು ಚೀಲ ಭತ್ತ ಹೊರಿಸಿಕೊಂಡು ಅಲ್ಲಿನ ಗಿರಣಿಗೆ ಬಂದಳು. ಗಿರಣಿಯ ಉಳವಪ್ಪ ಖಾನಾಪುರದ ಮನುಷ್ಯ. ಎದುರಿನವರ ಮುಖ ನೋಡಿ ಕನ್ನಡವೋ ಮರಾಠಿಯೋ ನಿರ್ಧರಿಸುವವ. ಮೂಗಿನ ಮೇಲೂ ತೌಡಿನ ಪುಡಿ ಇತ್ತು.

"ಮೂರು ಸುತ್ತು ಹಾಕಲೇನವ್ವಾ? ಬೆಳ್ಳಿಹಂಗ ಬರತೈತಿ."

"ಒಂದ ಸುತ್ತು ಹಾಕ್ರಿ. ಮ್ಯಾಲಿನ ಸಿಪ್ಪಿ ಹೋದ್ರ ಸಾಕು."

ಉಳವಪ್ಪ ಯಂತ್ರದ ಪಟ್ಟಾದ ಕಡೆ ಹೋಗುತ್ತಿದ್ದವ ನಿಂತ. "ಹತ್ತು ವರ್ಷ ಆತು, ಯಾರೂ ಹಿಂಗ ಕೇಳಿಲ್ಲ. ಒಂದು ಸುತ್ತು ಕಡಿಮಿ ಆದ್ರ ಜಗಳಕ್ಕ ಬರತಾರ."

"ಆ ತೌಡು ಯಾರಿಗೆ ಹೋಗತೈತ್ರಿ?"

"ದನಕ್ಕ. ನಮ್ಮ ಎಮ್ಮಿಗೂ ಅದ."

"ಹೆಂಗದಾವ್ರಿ ಎಮ್ಮಿ?"

"ಹಿಂದ ಹೋಗಿ ನೋಡು, ಮುಖಾ ಕಾಣೂಹಂಗ ಹೊಳೀತಾವ."

ಶಿವಬಸವ್ವ ಹೋಗಿ ನೋಡಿಯೇ ಬಂದಳು. ಹೊಳೆಯುತ್ತಿದ್ದವು.

ತಂದದ್ದೇನೋ ತಂದಳು. ಮೊದಲ ದಿನದ ಅನ್ನ ಕೆಟ್ಟಿತು. ಬಿಳಿ ಅಕ್ಕಿಯ ಅಂದಾಜಿಗೆ ನೀರಿಟ್ಟಿದ್ದಳು. ಅನ್ನ ಹಲ್ಲಿಗೆ ಟಕ್ ಅಂದಿತು. ಈರಣ್ಣ ಅಗಿದು ಅಗಿದು ದವಡೆ ಹಿಡಿದುಕೊಂಡ. ಆರು ವರ್ಷದ ಮಗಳು ಕಾಂತಾ ತಾಟು ದೂಡಿದಳು.

"ಕಾಲಿನ ಜೋಡಿ ಈಗ ಹಲ್ಲೂ ಹೋದ್ವು," ಅಂದಳು ಸಂಗವ್ವ. "ಮಾಡ್ರಿ, ಒಂದು ತಿಂಗಳ ಮಾಡ್ರಿ. ಮಗನ ಕಾಲಿನ ಸಲುವಾಗಿ ಸುಮ್ಮನಿರತೇನಿ. ನನ್ನ ತಾಟಿಗೆ ಮಾತ್ರ ಆ ಕೆಂಪ ನೀಡಬ್ಯಾಡ್ರಿ. ನನ್ನ ಅನ್ನ ನಾ ಮಾಡಕೋತೇನಿ."

"ಅವ್ವ ಅನ್ನೂದೂ ಖರೇನ," ಅಂದ ಈರಣ್ಣ. "ಗುಳಿಗಿ ಅದಾವಲ್ಲ, ಸಾಕಾಗೂದಿಲ್ಲೇನ?"

"ಸೋರೋ ಕೊಡಕ್ಕ ಎಷ್ಟ ನೀರು ಹಾಕಿದ್ರೇನ್ರಿ?" ಅಂದಳು ಶಿವಬಸವ್ವ. ಅವನು ಮತ್ತೆ ಅಗಿಯತೊಡಗಿದ.

ಭೀಮಕ್ಕ ಬಂದು ತಪ್ಪು ಹುಡುಕಿಕೊಟ್ಟಳು. ಈ ಅಕ್ಕಿಯನ್ನು ಒಂದೇ ಸಲ ಹಗುರಾಗಿ ತೊಳೆದು, ಎರಡು ತಾಸು ನೆನೆಹಾಕಬೇಕು. ಒಂದು ಬಟ್ಟಲಿಗೆ ಎರಡೂವರೆ ಬಟ್ಟಲು ನೀರು ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ನೀರೆಲ್ಲ ಅಕ್ಕಿಯೇ ಕುಡಿಯಬೇಕು, ಬಸಿಯಲು ಏನೂ ಉಳಿಯಬಾರದು. ಒಮ್ಮೆಲೆ ಬದಲಾಯಿಸಿದರೆ ಮಕ್ಕಳು ಉಣ್ಣುವುದಿಲ್ಲ. ಮೊದಲ ವಾರ ಅರ್ಧ ಬಿಳಿ, ಅರ್ಧ ಕೆಂಪು.

"ರಾತ್ರಿಗೆ ರೊಟ್ಟಿ ಮಾಡ್ರಿ," ಅಂದಳು. "ಹಿಟ್ಟು ಸಾಣಿಸಿದ್ರೂ ಬರೇ ಕಸ ತಗೀರಿ, ಹೊಟ್ಟು ಚೆಲ್ಲಬ್ಯಾಡ್ರಿ. ಮಡಕಿಕಾಳು ನೆನಿಸಿ ಮೊಳಕಿ ಕಟ್ರಿ. ಮೆಂತ್ಯೆ, ರಾಜಗಿರಿಯಂಥಾ ಒಂದು ತಪ್ಪಲ ಪಲ್ಲೆ, ಒಂದು ಚಮಚೆ ಶೇಂಗಾ ಚಟ್ನಿ. ರಾಜರ ಊಟ ಅಲ್ಲ ಇದು, ನಿಮ್ಮದ ಊಟ."

"ಅಂಗಿಗಿ ಏನು ಹಾಕಲಿ ಹಂಗಾದ್ರ?" ಸಂಗವ್ವ ಬಾಗಿಲ ಮರೆಯಿಂದ ಕೇಳಿದಳು. ಅವಳಿಗೆ ನಿಜವಾದ ಚಿಂತೆ ಅದೇ ಇತ್ತು.

"ಮೈದಾ ಕುದಿಸಿ ಹಾಕ್ರಿ. ಗ್ವಾಡಿಗೆ ಕಾಗದ ಹಚ್ಚಾಕ, ಅಂಗಿ ನಿಲ್ಲಸಾಕ ಮೈದಾದಂಥಾದ್ದಿಲ್ಲ."

ದಿನಗಳು ಉರುಳಿದವು. ಅನ್ನ ಮೆತ್ತಗಾಯಿತು, ಒಂದು ಬಗೆಯ ಹುರಿದ ಶೇಂಗಾದ ಪರಿಮಳ ಬರತೊಡಗಿತು. ಮೊಳಕೆ ಕಟ್ಟಿದ ಅರಿವೆಯನ್ನು ಕಾಂತಾ ತಾಸಿಗೊಮ್ಮೆ ಬಿಚ್ಚಿ ನೋಡುವಳು. ಮಡಕಿಕಾಳಿಗೆ ಬಾಲ ಬಂತೆಂದು ಇಡೀ ಓಣಿಗೆ ಸಾರಿ ಬಂದಳು. ತಾನು ಕಾದು ನೋಡಿದ ಕಾಳನ್ನು ತಾನೇ ತಿಂದಳು, ಯಾರೂ ಹೇಳಬೇಕಾಗಲಿಲ್ಲ.

ಶಿವಬಸವ್ವನಿಗೆ ಮಾತ್ರ ತಡೆಯದ ಕುತೂಹಲ. ಕಾಲು ಸುಧಾರಿಸುತ್ತಿದೆಯೋ ಇಲ್ಲವೋ, ಒಳಗೆ ಏನಾಗುತ್ತಿದೆ, ಹೇಗೆ ತಿಳಿಯುವುದು? ಒಂದು ಆಟ ಹೂಡಿದಳು. ದಿನಾ ದೀಪ ಹಚ್ಚಿದ ಮೇಲೆ ಈರಣ್ಣನನ್ನು ಕಟ್ಟೆಯ ಮೇಲೆ ಕಾಲು ಚಾಚಿ ಕೂಡಿಸಿ, ಕಣ್ಣು ಮುಚ್ಚಿಸಿ, ಕಸಬರಿಗೆ ಕಡ್ಡಿಯ ತುದಿಯಿಂದ ಬೆರಳು ಮುಟ್ಟುವಳು.

"ಯಾವ ಬೆರಳು?"

"ಹೆಬ್ಬೆರಳು."

ಮುಟ್ಟಿದ್ದು ಕಿರುಬೆರಳು. ಮೊದಲ ವಾರ ಎಲ್ಲ ಹೀಗೇ ಕತ್ತಲಲ್ಲಿ ಕಲ್ಲು ಹೊಡೆದಂತೆ. ಎರಡನೇ ವಾರದ ನಡುವೆ ಒಂದು ಸಂಜೆ ಅವನು ತಡೆದು ತಡೆದು, "ನಡುವಿಂದು... ಅಲ್ಲ, ಅದರ ಬಾಜೂಕಿಂದು," ಅಂದ. ಅದೇ ಆಗಿತ್ತು. ಇನ್ನೊಂದು ಬೆರಳು. ಅದೂ ಸರಿ. ಶಿವಬಸವ್ವ ಕಡ್ಡಿ ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಧೂಳು ಬಿತ್ತು ಅಂದಳು.

"ಈಗ ಆಯಿ ಪಾಳಿ," ಅಂದಳು ಕಾಂತಾ, ಅಜ್ಜಿಯ ಕಡೆ ತಿರುಗಿ.

"ನಂದೇನು ನೋಡತಿ, ಹೋಗ."

"ಕಣ್ಣ ಮುಚ್ಚ ಆಯಿ, ಒಂದ ಸಲ."

ಸಂಗವ್ವ ಮೊಮ್ಮಗಳ ಸಮಾಧಾನಕ್ಕೆ ಕಣ್ಣು ಮುಚ್ಚಿ ಕೂತಳು. ಕಾಂತಾ ಕಡ್ಡಿಯನ್ನು ಅಜ್ಜಿಯ ಎಡಗಾಲ ಹೆಬ್ಬೆರಳಿಗೆ ಇಟ್ಟಳು. ಅಜ್ಜಿ ಸುಮ್ಮನೆ. ಸ್ವಲ್ಪ ಒತ್ತಿದಳು. ಅಜ್ಜಿ ಸುಮ್ಮನೆ.

"ಲಗೂನ ಮುಟ್ಟ, ಎಷ್ಟೊತ್ತ ಕುಂದರ್ಲಿ?" ಅಂದಳು ಸಂಗವ್ವ.

ಸಂಗವ್ವ ಕಣ್ಣು ತೆರೆದಳು. ಬೆರಳಿಗೆ ಒತ್ತಿ ಬಾಗಿದ್ದ ಕಡ್ಡಿಯನ್ನು ನೋಡಿದಳು. ತನ್ನದಲ್ಲದ ಕಾಲನ್ನು ನೋಡುವಂತೆ ನೋಡಿದಳು.

"ಅವ್ವಾ, ಎಷ್ಟ ದಿನಾತು?" ಈರಣ್ಣ ಕೇಳಿದ.

"ಎರಡು ವರ್ಷ ಆತೇನೋ. ವಯಸ್ಸು ಅಂತ ತಿಳಕೊಂಡಿದ್ದೆ." ಯಾರ ಮುಖವನ್ನೂ ನೋಡದೆ ಅಂದಳು: "ನನ್ನ ಕೈಯಾರೆ ತೊಳದ ನೀಡಿದೆ. ನಿನಗೂ, ನನಗೂ. ಬೆಳ್ಳಗಾಗಲಿ ಅಂತ."

ಶಿವಬಸವ್ವ ಎದ್ದು ಒಳಗೆ ಹೋಗಿ ಒಂದು ತಾಟಿಗೆ ಕೆಂಪನ್ನ, ಮೊಳಕೆಕಾಳಿನ ಪಲ್ಲೆ ನೀಡಿ ತಂದು ಅತ್ತೆಯ ಮುಂದಿಟ್ಟಳು.

"ಉಣ್ಣ ಅತ್ತಿ. ನಾಳಿ ನೀನೂ ಬಾ ದವಾಖಾನಿಗೆ."

ಸಂಗವ್ವ ಉಂಡಳು. ಅರ್ಧ ಊಟದಲ್ಲಿ ತಲೆ ಎತ್ತಿ, "ಉಪ್ಪು ಕಡಿಮಿ ಆಗೇತಿ," ಅಂದಳು. ಅದು ಅವಳು ಒಪ್ಪಿಕೊಂಡ ಬಗೆ. ಮರುದಿನ ದವಾಖಾನೆಗೆ ಹೋಗಿ ಅವಳೂ ಸೂಜಿ ಮಾಡಿಸಿಕೊಂಡು, ಗುಳಿಗೆ ತಂದಳು. ಅಂದಿನಿಂದ ಅಕ್ಕಿ ನೆನೆಹಾಕುವ ಕೆಲಸ ಅವಳೇ ತೆಗೆದುಕೊಂಡಳು, ಸೊಸೆಯ ಅಂದಾಜು ತನಗೆ ಸರಿಬರುವುದಿಲ್ಲವೆಂದು.

ತಿಂಗಳು ತುಂಬಿದ ದಿನ ಮೂವರೂ ದವಾಖಾನೆಗೆ ಹೋದರು. ಡಾಕ್ಟರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಈರಣ್ಣನಿಗೆ ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದರು. ನಡೆದ. ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಅವನು ನಿಂತ, ಸ್ವಲ್ಪವೂ ತೂಗಾಡದೆ, ಡಾಕ್ಟರು ಸಾಕೆನ್ನುವವರೆಗೂ. ಸುತ್ತಿಗೆ ತಟ್ಟಿದಾಗ ಕಾಲು ಜಿಗಿಯಿತು. ಡಾಕ್ಟರು ಚೀಟಿ ಬರೆದರು, ನಾಳೆಯಿಂದ ಬಸ್ಸು ಹತ್ತಬಹುದು ಎಂದು.

ಸಂಗವ್ವನ ಜೋಮು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬಹಳ ದಿನದ್ದು, ಇನ್ನು ಮೂರು ನಾಲ್ಕು ತಿಂಗಳು ಬೇಕು, ಔಷಧಿಯೂ ಊಟವೂ ಎರಡೂ ನಡೆಯಲಿ ಅಂದರು ಡಾಕ್ಟರು. ಅವಳು ಏಳಲಿಲ್ಲ.

"ನನಗೂ ಒಂದು ಚೀಟಿ ಬರದ ಕೊಡ್ರಿ."

"ನಿಮಗ್ಯಾಕ ಯವ್ವಾ? ನೀವೇನು ಬಸ್ಸು ಹತ್ತಾವ್ರು?"

"ಓಣ್ಯಾಗ ತೋರಸಾಕ. ಏಳು ನೀರು ತೊಳೀರಿ, ಗಂಜಿ ಬಸೀರಿ ಅಂತ ಎಲ್ಲಾರಿಗೂ ಕಲಿಸಿದಾಕಿ ನಾನ. ಈಗ ಬ್ಯಾಡ ಅಂದ್ರ ನಂಬಬೇಕಲ್ಲ."

ಡಾಕ್ಟರು ನಕ್ಕರು. "ಚೀಟಿ ಯಾಕ ಯವ್ವಾ? ನಡದ ತೋರಸ್ರಿ."

ಸಂಗವ್ವ ದಾರಿಯುದ್ದಕ್ಕೂ ಅದನ್ನೇ ಮಾಡಿದಳು. ದವಾಖಾನೆಯಿಂದ ಮನೆಗೆ ಅರ್ಧ ತಾಸಿನ ಹಾದಿ. ಅವತ್ತು ಮೂರು ತಾಸು ಹಿಡಿಯಿತು. ಒಂದೊಂದು ಮನೆಯ ಮುಂದೆಯೂ ನಿಂತಳು, ಒಂದೊಂದು ಅಡಿಗೆಮನೆಗೂ ಇಣುಕಿದಳು. "ಏ, ಆ ನೀರು ಚೆಲ್ಲಬ್ಯಾಡ, ತಡಿ, ನಾ ಒಳಗ ಬಂದೆ."

ಓದುತ್ತಿರುವ ಅಕ್ಕಾ, ಕೇಳುತ್ತಿರುವ ಅಣ್ಣಾ, ನಿಮ್ಮ ಅಡಿಗೆಮನೆಗೆ ಸಂಗವ್ವ ಬರಲಾರಳು. ಅದಕ್ಕೇ ಅವಳ ಕೆಲಸ ನೀವೇ ಮಾಡಿರಿ. ಅಕ್ಕಿಯನ್ನು ಮೂರು ಸುತ್ತು ಹಾಕಿಸಬೇಡಿ. ಒಂದು ಸಲ ತೊಳೆದರೆ ಸಾಕು, ಹಿಡಿಯುವಷ್ಟೇ ನೀರಿಡಿ. ಜೋಳ, ರಾಗಿ, ಗೋದಿಯ ಹೊಟ್ಟು ಹಿಟ್ಟಿನಲ್ಲೇ ಇರಲಿ, ಬಡವರ ಊಟವೆಂದು ರೊಟ್ಟಿಯನ್ನು ಹೊರಗಿಡಬೇಡಿ. ತಾಟಿನಲ್ಲಿ ದಿನಕ್ಕೊಂದು ಬಗೆಯ ಕಾಳು, ಒಂದು ತಪ್ಪಲ ಪಲ್ಲೆ ಇರಲಿ. ಮನೆಯಲ್ಲಿ ಯಾರಿಗಾದರೂ ಕೈಕಾಲು ಜೋಮು ಹಿಡಿದಿದ್ದರೆ ವಯಸ್ಸೆಂದು ಸುಮ್ಮನಿರಬೇಡಿ, ದವಾಖಾನೆಗೆ ಕರೆದೊಯ್ಯಿರಿ. ಎಲ್ಲ ಒಂದೇ ದಿನ ಬದಲಾಗಬೇಕಿಲ್ಲ. ನಾಳೆ ಮುಂಜಾನೆ ಅಕ್ಕಿ ತೊಳೆಯುವಾಗ ಇಷ್ಟು ಮಾಡಿ: ಚೆಲ್ಲುವ ಮೊದಲು ಆ ಬೆಳ್ಳನೆಯ ನೀರನ್ನು ಒಂದು ಗಳಿಗೆ ನೋಡಿರಿ, ಯಾರ ಪಾಲಿನದು ಇದು, ಎಲ್ಲಿಗೆ ಹೊರಟಿದೆ ಎಂದು ಕೇಳಿರಿ.